ಮೀನಿನ ತೊಟ್ಟಿಯೊಳಗೆ ಕಡಲ್ಕೊರೆತ

ನಮಸ್ಕಾರ. ನಾಲ್ಕು ಅಡಿ ಉದ್ದದ ಈ ಗಾಜಿನ ತೊಟ್ಟಿಯಲ್ಲಿ ಮೀನುಗಳಿಲ್ಲ. ಮಂಗಳೂರು ಬಳಿಯ ಉಳ್ಳಾಲದ ಕಡೆಯ ಕಡಲತೀರದ ಒಂದು ತುಣುಕನ್ನು ನೂರು ಪಟ್ಟು ಕುಗ್ಗಿಸಿ ಕೂರಿಸುವ ಪ್ರಯತ್ನವಿದೆ. ಮರಳು ಹಾಸಿದ್ದನ್ನೂ ನೀರು ತುಂಬಿದ್ದನ್ನೂ ನೀವೇ ನೋಡುತ್ತಿದ್ದೀರಿ.

ಆದರೆ ಆ ಮರಳಿನ ಕಥೆಯನ್ನು ಹೇಳದೆ ಬಿಡಲಾರೆ. ಅಂಗಡಿಯವರು ಸಣ್ಣ ಮರಳೆಂದು 320 ರೂಪಾಯಿಗೆ ಕೊಟ್ಟ ಚೀಲದಲ್ಲಿದ್ದದ್ದು ಎಂ-ಸ್ಯಾಂಡ್, ಅಂದರೆ ಬಂಡೆ ಪುಡಿಮಾಡಿ ತಯಾರಿಸಿದ ಮರಳು. ಮೊದಲ ಅಲೆಗೇ ಅದರ ಕಲ್ಲುಪುಡಿ ಎದ್ದು ನೀರು ಅಕ್ಕಚ್ಚಿನಂತಾಯಿತು. ಏಳು ಬಾರಿ ತೊಳೆಯುವಷ್ಟರಲ್ಲಿ ಕಾಲು ಚೀಲ ಅಂಗಳದ ಚರಂಡಿ ಸೇರಿತು. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಇಂಥ ಮಾದರಿಗಳ ಅತಿ ದೊಡ್ಡ ತೊಡಕು ಅರ್ಥವಾದದ್ದು ಆ ಕೆಸರಿನಿಂದಲೇ.

ಅಲೆಯನ್ನು ಕುಗ್ಗಿಸಲು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಅವರ ಹೆಸರಿನ ನಿಯಮವಿದೆ: ಉದ್ದವನ್ನು ನೂರು ಪಟ್ಟು ಇಳಿಸಿದರೆ ಕಾಲವನ್ನು ಅದರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು ಇಳಿಸಬೇಕಾಗುವುದರಿಂದ, ಕಡಲಿನಲ್ಲಿ 10 ಸೆಕೆಂಡಿಗೊಮ್ಮೆ ಬರುವ 2 ಮೀಟರ್ ಅಲೆಗೆ ಬದಲಾಗಿ ನಾನು ಇಲ್ಲಿ ಹಲಗೆಯೊಂದನ್ನು ಆಡಿಸಿ ಸೆಕೆಂಡಿಗೊಂದರಂತೆ 2 ಸೆಂಟಿಮೀಟರ್ ಅಲೆ ಎಬ್ಬಿಸುತ್ತಿದ್ದೇನೆ. ಮರಳಿಗೆ ಈ ಲೆಕ್ಕ ಒಗ್ಗದು. 0.3 ಮಿಲಿಮೀಟರ್ ಕಣವನ್ನು ನೂರು ಪಟ್ಟು ಕುಗ್ಗಿಸಿದರೆ ಅದು ಜೇಡಿಯಷ್ಟು ನುಣುಪಾಗಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಕೆಲವು ಪ್ರಯೋಗಾಲಯಗಳು ಮರಳಿನ ಬದಲು ಕಲ್ಲಿದ್ದಲಿನ ಪುಡಿ, ಅಕ್ರೋಟಿನ ಚಿಪ್ಪಿನ ಪುಡಿಯಂಥ ಹಗುರ ವಸ್ತುಗಳನ್ನು ಬಳಸಿದ್ದುಂಟು. ತೊಟ್ಟಿಯ ಅಳತೆಯೂ ಸಾಲದು. ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿರುವ ಅಲೆಗಾಲುವೆಯ ಉದ್ದ 50 ಮೀಟರ್. ದಂಡೆಗುಂಟ ಸಾಗುವ ಮರಳನ್ನು ನೋಡಬೇಕಾದರೆ ಅಗಲವೂ ಬೇಕು, ಪುಣೆ ಬಳಿಯ ಖಡಕ್‌ವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಅಂಥ ವಿಶಾಲ ಅಲೆಕೊಳಗಳಿವೆ.

ಇದು ಬರೀ ಆಟಿಕೆ ಎಂದು ಬೆಳಿಗ್ಗೆ ಹೇಳಿದ್ದೆ. ಈಗ ಮಾತು ಬದಲಿಸುತ್ತೇನೆ. ದಂಡೆಯ ಅರ್ಧ ಅಗಲಕ್ಕೆ ಕಲ್ಲಿನ ತಡೆಗೋಡೆ ಇಟ್ಟು, 20 ನಿಮಿಷ ಹಲಗೆ ಆಡಿಸಿದ ಮೇಲೆ ನೋಡಿ: ಗೋಡೆಗೆ ಬಡಿದು ಹಿಂದಿರುಗುವ ಅಲೆ ಅದರ ಬುಡದ ಮರಳನ್ನೇ ಕೆತ್ತಿದೆ, ಗೋಡೆ ಮುಗಿಯುವ ತುದಿಯಲ್ಲಿ ದಂಡೆ ಒಳಕ್ಕೆ ಕೊರೆದುಹೋಗಿದೆ. ಎಷ್ಟು ಮರಳು ಹೋಯಿತೆಂಬ ಅಂಕಿಯನ್ನು ಈ ತೊಟ್ಟಿಯಿಂದ ಕೇಳಬೇಡಿ, ಆದರೆ ಎಲ್ಲಿಂದ ಹೋಗುತ್ತದೆ ಎಂಬುದನ್ನು ಇದು ಸುಳ್ಳಾಡದೆ ತೋರಿಸುತ್ತಿದೆ. ಮಳೆಗಾಲದಲ್ಲಿ ತಡೆಗೋಡೆಯ ಬಂಡೆಗಳು ಜಾರಿ ಕಡಲಿಗಿಳಿಯುವುದನ್ನು ಕಂಡ ಕರಾವಳಿಯವರಿಗೆ ಈ ದೃಶ್ಯ ಹೊಸದಲ್ಲ.

ಅಗೋ, ತುದಿಯ ಕಲ್ಲು ವಾಲಿತು! ಕ್ಯಾಮೆರಾ ಬ್ಯಾಟರಿ ಮುಗಿಯುತ್ತಿದೆ, ಆ ಕಲ್ಲು ಬೀಳುವವರೆಗಾದರೂ ಹಲಗೆ ಆಡಿಸುತ್ತೇನೆ.