ಅಗ್ಗದ ಟೀ ಯಾಕೆ ಬೇಡವಾಯಿತು?

ಕೇಳುಗರಿಗೆ ನಮಸ್ಕಾರ.

ನಾನು ಮೂವತ್ತು ವರ್ಷ ಇತಿಹಾಸದ ಮೇಷ್ಟ್ರಾಗಿದ್ದವನು. ಪ್ರತಿ ವರ್ಷ ಉತ್ತರಪತ್ರಿಕೆ ತಿದ್ದುವಾಗ ಒಂದು ಸಾಲು ತಪ್ಪದೆ ಸಿಗುತ್ತಿತ್ತು: 'ಬ್ರಿಟಿಷರು ಜಾಸ್ತಿ ತೆರಿಗೆ ಹಾಕಿದ್ದರಿಂದ ಅಮೆರಿಕದ ವಸಾಹತುಗಾರರು ದಂಗೆ ಎದ್ದರು.' ಇದಕ್ಕೆ ಅರ್ಧ ಅಂಕ ಕೊಡುತ್ತಿದ್ದೆ. ಅದನ್ನೂ ಮನಸ್ಸಿಲ್ಲದೆ. ಯಾಕೆ ಅಂತ ಈವತ್ತು ಹೇಳುತ್ತೇನೆ.

ನಿಮ್ಮೂರಲ್ಲಿ ಹಬ್ಬಕ್ಕೆ ವಂತಿಗೆ ಎತ್ತುತ್ತಾರೆ ಅಂತಿಟ್ಟುಕೊಳ್ಳಿ. ಎಲ್ಲರೂ ಅರಳಿಕಟ್ಟೆ ಮೇಲೆ ಕೂತು, ಕೂಗಾಡಿ, ಮನೆಗೆ ಐನೂರು ಅಂತ ತೀರ್ಮಾನ ಮಾಡಿದರೆ ಗೊಣಗಿಕೊಂಡಾದರೂ ಕೊಡುತ್ತೀರಿ. ಅದೇ, ಊರಿಗೆ ಯಾವತ್ತೂ ಕಾಲಿಡದ ಒಬ್ಬ ಮಹಾಶಯ ದೂರದಿಂದ ಚೀಟಿ ಕಳಿಸುತ್ತಾನೆ: 'ಮನೆಗೆ ಇಪ್ಪತ್ತು ರೂಪಾಯಿ ತೆಗೆದಿಡಿ.' ಇಪ್ಪತ್ತೇ ರೂಪಾಯಿ. ಆದರೂ ಮೊದಲು ಬಾಯಿಗೆ ಬರುವ ಮಾತು ಯಾವುದು? 'ಯಾರನ್ನು ಕೇಳಿ?' ಅಲ್ವಾ?

ಅಮೆರಿಕದ ಜಗಳವೆಲ್ಲ ಆ ಎರಡು ಪದದಲ್ಲಿದೆ. ಯಾರನ್ನು ಕೇಳಿ?

ಅಲ್ಲಿ ಬ್ರಿಟನ್ನಿಗೆ ಸೇರಿದ 13 ವಸಾಹತುಗಳಿದ್ದವು. ಅವುಗಳಿಗೆ ತಮ್ಮದೇ ಸಭೆಗಳಿದ್ದವು. ವರ್ಜೀನಿಯಾದ ಸಭೆ 1619ರಲ್ಲೇ ಶುರುವಾಗಿತ್ತು. ತೆರಿಗೆ ಬೇಕಾದರೆ ಆ ಸಭೆಗಳೇ ಹಾಕುತ್ತಿದ್ದವು, ಜನ ಕಟ್ಟುತ್ತಿದ್ದರು. ಹಾಗಾಗಿ ಇವರು ತೆರಿಗೆ ಕಂಡರೆ ಆಗದವರು ಅನ್ನಬೇಡಿ.

1763ರಲ್ಲಿ ಬ್ರಿಟನ್, ಫ್ರಾನ್ಸಿನ ಜೊತೆ ಏಳು ವರ್ಷದ ಯುದ್ಧ ಮುಗಿಸಿತು. ಗೆದ್ದಿತು, ಆದರೆ ಸಾಲದಲ್ಲಿ ಮುಳುಗಿತು. ಯುದ್ಧ ಆದದ್ದು ನಿಮ್ಮ ರಕ್ಷಣೆಗೂ ತಾನೆ, ನೀವೂ ಸ್ವಲ್ಪ ಕೊಡಿ ಅಂದಿತು ಲಂಡನ್ನಿನ ಪಾರ್ಲಿಮೆಂಟು. ನ್ಯಾಯವಾದ ಮಾತೇ. ಆದರೆ ಆ ಪಾರ್ಲಿಮೆಂಟಿನಲ್ಲಿ ಅಮೆರಿಕದವರು ಆರಿಸಿ ಕಳಿಸಿದ ಸದಸ್ಯ ಒಬ್ಬನೂ ಇರಲಿಲ್ಲ. 1765ರಲ್ಲಿ ಸ್ಟ್ಯಾಂಪ್ ಕಾಯ್ದೆ ಬಂತು. ಕೋರ್ಟಿನ ಕಾಗದಕ್ಕೆ, ಪತ್ರಿಕೆಗೆ, ಇಸ್ಪೀಟು ಎಲೆಗೂ ತೆರಿಗೆ. ಜನ ಬೀದಿಗಿಳಿದರು. ಮುಂದಿನ ವರ್ಷ ಕಾಯ್ದೆ ವಾಪಸಾಯಿತು. ಆಮೇಲೆ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಹಾಕಿದರು. ಮತ್ತೆ ಗಲಾಟೆ. 1770ರಲ್ಲಿ ಅವನ್ನೂ ತೆಗೆದರು, ಟೀ ಒಂದನ್ನು ಬಿಟ್ಟು. ಟೀ ಮೇಲಿನ ಸುಂಕ ಒಂದು ಪೌಂಡು ತೂಕಕ್ಕೆ ಮೂರು ಪೆನ್ಸ್. ದುಡ್ಡಿನ ಆಸೆಗಿಂತ, ಹಾಕುವ ಅಧಿಕಾರ ನಮಗಿದೆ ಅಂತ ತೋರಿಸಲು ಉಳಿಸಿಕೊಂಡದ್ದು ಅದು.

ಈಗ ನನಗಿಷ್ಟವಾದ ಕಥೆಗೆ ಬರುತ್ತೇನೆ.

ನಮ್ಮ ಈಸ್ಟ್ ಇಂಡಿಯಾ ಕಂಪನಿ ಇತ್ತಲ್ಲ, ಅದು ಆಗ ದಿವಾಳಿಯ ಅಂಚಿನಲ್ಲಿತ್ತು. ಅದಕ್ಕೆ ಕಾರಣ ಹಲವು. 1769ರಲ್ಲಿ ಮೈಸೂರಿನ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತದ್ದು, ಆ ಸುದ್ದಿ ಕೇಳಿ ಲಂಡನ್ನಿನಲ್ಲಿ ಕಂಪನಿಯ ಷೇರು ಬಿದ್ದದ್ದೂ ಅದರಲ್ಲಿ ಒಂದು. ಇನ್ನೊಂದು ಕಡೆ ಲಂಡನ್ನಿನ ಗೋದಾಮಿನಲ್ಲಿ ಒಂದೂವರೆ ಕೋಟಿ ಪೌಂಡಿಗೂ ಹೆಚ್ಚು ತೂಕದ ಚೀನಾ ಟೀ ಕೊಳ್ಳುವವರಿಲ್ಲದೆ ಬಿದ್ದಿತ್ತು. 1773ರಲ್ಲಿ ಪಾರ್ಲಿಮೆಂಟು, 'ನೀವು ನೇರವಾಗಿ ಅಮೆರಿಕಕ್ಕೆ ಮಾರಿಕೊಳ್ಳಿ' ಅಂತ ಕಾನೂನು ಮಾಡಿತು. ಅದರಿಂದ ಟೀ ಅಗ್ಗವಾಯಿತು. ಗಮನಿಸಿ, ಅಗ್ಗವಾಯಿತು!

ಮೂರು ಹಡಗು ಬಾಸ್ಟನ್ನಿಗೆ ಬಂದವು: ಡಾರ್ಟ್‌ಮೌತ್, ಎಲೆನರ್, ಬೀವರ್. ಇಳಿಸಬೇಡಿ, ಹಾಗೇ ವಾಪಸ್ ಹೋಗಿ ಅಂದರು ಜನ. ಸುಂಕ ಕಟ್ಟದೆ ಹೊರಡಲು ಬಿಡಲ್ಲ ಅಂದ ಗವರ್ನರ್ ಹಚಿನ್ಸನ್. ಟೀ ಮಾರಾಟ ವಹಿಸಿಕೊಂಡವರಲ್ಲಿ ಅವನ ಇಬ್ಬರು ಮಕ್ಕಳೂ ಇದ್ದರು, ನೋಡಿ. ಡಿಸೆಂಬರ್ 16ರ ಸಂಜೆ ಸಾವಿರಾರು ಜನ ಸೇರಿದ ಸಭೆಗೆ ಗವರ್ನರನ ಕೊನೆಯ 'ಇಲ್ಲ' ಬಂದು ಮುಟ್ಟಿತು.

ಅವತ್ತು ಅಲ್ಲಿ ಜಾರ್ಜ್ ಹ್ಯೂಸ್ ಅಂತ ಒಬ್ಬ ಇದ್ದ. ಬೂಟು ಹೊಲಿದು ಬದುಕುತ್ತಿದ್ದ ಬಡವ. ಕಮ್ಮಾರನ ಅಂಗಡಿಗೆ ಹೋಗಿ ಮುಖಕ್ಕೂ ಕೈಗೂ ಇದ್ದಿಲ ಪುಡಿ ಬಳಿದುಕೊಂಡ. ಮೂಲನಿವಾಸಿಗಳ ವೇಷ ಹಾಕಿ, ಕೈಯಲ್ಲಿ ಸಣ್ಣ ಕೊಡಲಿ ಹಿಡಿದು ಧಕ್ಕೆಗೆ ಬಂದ. ಅಲ್ಲಿ ಅವನಂಥವರು ಬಹಳ ಜನ. ಮೂರು ಗುಂಪಾಗಿ ಹಡಗು ಹತ್ತಿದರು. ಹ್ಯೂಸನಿಗೆ ಸಿಕ್ಕ ಕೆಲಸ ಏನು ಗೊತ್ತಾ? ಕಪ್ತಾನನ ಹತ್ತಿರ ಹೋಗಿ ಬೀಗದ ಕೈಯನ್ನೂ ಒಂದು ಡಜನ್ ಮೇಣದಬತ್ತಿಯನ್ನೂ ಕೇಳುವುದು. ಕತ್ತಲು ನೋಡಿ, ಪೆಟ್ಟಿಗೆ ಕಾಣಬೇಕಲ್ಲ! ಕಪ್ತಾನ ಮರುಮಾತಾಡದೆ ಕೊಟ್ಟ. ಹಡಗಿಗೆ, ಹಗ್ಗಗಳಿಗೆ ಏನೂ ಮಾಡಬೇಡಿ ಅಂದನಂತೆ. ಇವರು ಮಾಡಲೂ ಇಲ್ಲ. ಒಂದೊಂದೇ ಪೆಟ್ಟಿಗೆ ಎತ್ತಿ, ಕೊಡಲಿಯಿಂದ ಸೀಳಿ, ಸಮುದ್ರಕ್ಕೆ ಸುರಿದರು. ಸುಮಾರು ಮೂರು ಗಂಟೆಯಲ್ಲಿ 342 ಪೆಟ್ಟಿಗೆ, ಹತ್ತಿರ ಹತ್ತಿರ 42 ಟನ್ ಟೀ.

ನಡುವೆ ಒಬ್ಬ ಆಸಾಮಿ ಸುಮ್ನೆ ಯಾಕೆ ಹಾಳು ಅಂತ ಟೀ ಪುಡಿಯನ್ನು ಜೇಬಿಗೆ, ಕೋಟಿನ ಒಳಪದರಕ್ಕೆ ತುಂಬಿಕೊಳ್ಳುತ್ತಿದ್ದ. ಹ್ಯೂಸ್ ಕಂಡುಬಿಟ್ಟ. ಓಡಲು ನೋಡಿದವನ ಕೋಟಿನ ಅಂಚನ್ನು ಹಿಡಿದು ಎಳೆದ. ಅಂಚು ಹರಿದು ಇವನ ಕೈಯಲ್ಲೇ ಉಳಿಯಿತು. ಮಾರನೇ ದಿನ ಆ ಬಟ್ಟೆ ಚೂರನ್ನು ಊರವರಿಗೆಲ್ಲ ಕಾಣುವ ಹಾಗೆ ಕಂಬಕ್ಕೆ ಮೊಳೆ ಹೊಡೆದು ತೂಗಿಹಾಕಿದ್ದರಂತೆ. ಬೆಳಿಗ್ಗೆ ನೀರಿನ ಮೇಲೆ ಟೀ ತೇಲುತ್ತಿತ್ತು. ಯಾರೂ ಬಾಚಿಕೊಂಡು ಹೋಗದಿರಲಿ ಅಂತ ದೋಣಿಯಲ್ಲಿ ಹೋಗಿ ಹುಟ್ಟಿನಿಂದ ಬಡಿದು ಬಡಿದು ಮುಳುಗಿಸಿದರು. ಹ್ಯೂಸ್ ತೊಂಬತ್ತು ದಾಟಿದ ಮೇಲೂ ಇದನ್ನೆಲ್ಲ ಹೇಳುತ್ತಿದ್ದ.

ಈಗ ಹೇಳಿ, ಬೆಲೆ ಜಾಸ್ತಿಯಾಗಿದ್ದರಿಂದ ಆದ ಗಲಾಟೆಯೇ ಇದು? ಅಗ್ಗದ ಟೀ, ಪುಕ್ಕಟೆ ಸಿಕ್ಕ ಟೀ, ಅದನ್ನೂ ಜೇಬಿಗೆ ಹಾಕಲು ಬಿಡಲಿಲ್ಲ. ಯಾರನ್ನು ಕೇಳಿ ಸುಂಕ ಹಾಕಿದಿರಿ? ಅಷ್ಟೇ.

ನನಗೆ ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಟೀಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 1774ರಲ್ಲಿ ಬ್ರಿಟನ್ ಬಾಸ್ಟನ್ ಬಂದರನ್ನೇ ಮುಚ್ಚಿಸಿತು. ಒಂದೂರಿಗೆ ಕೊಟ್ಟ ಶಿಕ್ಷೆ ನೋಡಿ, ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದ ವಸಾಹತುಗಳು ಒಟ್ಟಾದವು. ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದವು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಆಗಲೂ ಇವರಿಗೆ ಬೇರೆಯಾಗುವ ಮನಸ್ಸು ಪೂರ್ತಿ ಇರಲಿಲ್ಲ. ಜುಲೈನಲ್ಲಿ ರಾಜ ಮೂರನೇ ಜಾರ್ಜನಿಗೆ ವಿನಯದಿಂದ ಒಂದು ಮನವಿ ಬರೆದರು. ಅವನು ಅದನ್ನು ಸ್ವೀಕರಿಸಲೇ ಇಲ್ಲ, ಇವರು ಬಂಡುಕೋರರು ಅಂತ ಸಾರಿಬಿಟ್ಟ. ಮುಂದಿನ ಜುಲೈ 4ಕ್ಕೆ ಸ್ವಾತಂತ್ರ್ಯದ ಘೋಷಣೆ ಬಂತು.

ಇವರು ತಮ್ಮ ಗುಲಾಮರನ್ನು, ಆ ನೆಲದ ಮೂಲನಿವಾಸಿಗಳನ್ನು ಕೇಳಿದ್ದರೇ ಅಂತ ನೀವು ಕೇಳಬಹುದು. ಇಲ್ಲ, ಕೇಳಲಿಲ್ಲ. ಅದಕ್ಕೆ ಇನ್ನೊಂದು ಭಾಷಣವೇ ಬೇಕು.

1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಜನರಲ್ ಕಾರ್ನ್‌ವಾಲಿಸ್ ನಮಗೆ ಹೊಸಬನೇನಲ್ಲ. ಹತ್ತು ವರ್ಷದ ಮೇಲೆ, 1791ರಲ್ಲಿ, ಬೆಂಗಳೂರು ಕೋಟೆ ಹಿಡಿದವನು ಅವನೇ. ಇನ್ನೊಂದು ವಿಷಯ, ಹೇಳದೆ ಹೋದರೆ ನನಗೆ ನಿದ್ದೆ ಬರಲ್ಲ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಅದರ ಕಪ್ತಾನ ಜೋಶುವಾ ಬಾರ್ನಿಗೆ ಆಗ 22 ವರ್ಷ. ಹಡಗಿನ ಮೇಲೆ ಬರೆದಿದ್ದ ಹೆಸರು, ಹೈದರ್ ಅಲಿ.

ನಮಸ್ಕಾರ.