ದಿಂಬಂ ಘಾಟಿಯ ಲಾಂದ್ರ

ಕೇಳುಗರೇ, ನಮಸ್ಕಾರ.

ಚಾಮರಾಜನಗರ ದಾಟಿ, ಪುಣಜನೂರು ಚೆಕ್‌ಪೋಸ್ಟ್ ಕಳೆದು, ಹಾಸನೂರಿನ ಮೇಲೆ ಕೊಯಮತ್ತೂರಿಗೆ ಹೋದವರಿಗೆಲ್ಲ ದಿಂಬಂ ಘಾಟಿ ಗೊತ್ತು. ದಿಂಬಂನಿಂದ ಕೆಳಗೆ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಸುತ್ತ ಸತ್ಯಮಂಗಲದ ಹುಲಿ ಕಾಡು. ರಾತ್ರಿ ಅಲ್ಲಿ ಹಿಡಿದವರಿಲ್ಲದ ಲಾಂದ್ರಗಳು ತೇಲುತ್ತವೆ, ಯಾರೋ ಕೂಗುತ್ತಾರೆ, ವೀರಪ್ಪನ್ ಇನ್ನೂ ತಿರುಗುತ್ತಾನೆ ಎಂಬ ಮಾತಿದೆ.

ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು, ದೂರದ ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿಯಲ್ಲಿ. ದೆವ್ವವಾದರೂ ಇಷ್ಟು ದೂರ ಯಾಕೆ ಬರಬೇಕು? ಆದರೆ ಹೆದರಿಕೆಗೆ ಕಾರಣವಿತ್ತು. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಅವನು ಒಯ್ದ ಗಾಜನೂರು ಇರುವುದು ಇದೇ ಸೀಮೆಯ ತಾಳವಾಡಿ ಕಡೆ. ನೂರೆಂಟು ದಿನ ಕನ್ನಡ ನಾಡು ಈ ಕಾಡುಗಳ ಹೆಸರನ್ನೇ ಜಪಿಸಿತು. ಆ ಭಯ ಇನ್ನೂ ಇಳಿದಿಲ್ಲ.

ಇನ್ನು ಲಾಂದ್ರ. ಒಂದೇ ಗುಡ್ಡದ ಮೈಮೇಲೆ ರಸ್ತೆ ಮಡಚಿ ಮಡಚಿ ಇಳಿಯುತ್ತದೆ. ನೀವು ಮೇಲಿನ ತಿರುವಿನಲ್ಲಿದ್ದರೆ, ಕೆಳಗೆಲ್ಲೋ ಹತ್ತುತ್ತಿರುವ ಗಾಡಿಯ ದೀಪ ಮರಗಳ ಸಂದಿಯಲ್ಲಿ ಎಡಕ್ಕೆ ಸರಿಯುತ್ತದೆ, ಆರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಬಲಗಡೆ ಹೊತ್ತಿಕೊಳ್ಳುತ್ತದೆ. ಇಂಜಿನ್ ಸದ್ದು ಗುಡ್ಡದ ಮರೆಯಲ್ಲೇ ಉಳಿಯುತ್ತದೆ. ಮಂಜಿದ್ದರಂತೂ ಹಿಂದಿನ ಲಾರಿಯ ಬೆಳಕಿಗೆ ನಿಮ್ಮದೇ ಗಾಡಿಯ ನೆರಳು ಎದುರಿನ ಮಂಜಿನ ಮೇಲೆ ಆಳೆತ್ತರ ಎದ್ದು ನಿಲ್ಲುತ್ತದೆ. ಆಗ ಹೈಬೀಮ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣದು, ಡಿಮ್ ಮಾಡಿ. ನೆಲದ ಹತ್ತಿರ ಜೋಡಿಯಾಗಿ ಹೊಳೆಯುವ ಚುಕ್ಕೆಗಳು ಜಿಂಕೆಯ ಕಣ್ಣೋ ಚಿರತೆಯ ಕಣ್ಣೋ. ಕೂಗು ಎಂದರೆ ಕಡವೆಯದು, ಇಲ್ಲವೇ ಗೂಬೆಯದು.

'ಯಾರೋ ಹಿಂದಿನಿಂದ ತಳ್ಳಿದರು' ಎಂಬ ಕತೆ ಮಾತ್ರ ನಗುವಂಥದ್ದಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಇಡೀ ಲೋಡಿನ ಭಾರ ಬ್ರೇಕ್ ಮೇಲೆಯೇ ಬೀಳುತ್ತದೆ. ಬ್ರೇಕಿನ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ, ಅದು ಒತ್ತಿ ಹಿಡಿಯುವ ಚಕ್ರದ ಡ್ರಮ್ ಹಿಗ್ಗುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಿಗದು. ಗಾಬರಿಯಲ್ಲಿ ಪದೇ ಪದೇ ತುಳಿದರೆ ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನ ಒತ್ತಡವೂ ಕುಸಿಯುತ್ತದೆ. ಹಳೆಯ ಚಾಲಕರ ಲೆಕ್ಕ ಸರಳ: ಹತ್ತಲು ಯಾವ ಗೇರೋ, ಇಳಿಯಲೂ ಅದೇ ಗೇರು. ತಿರುವಿಗೆ ಮೊದಲೇ ಗೇರು ಇಳಿಸಬೇಕು, ಹತ್ತುವ ಗಾಡಿಗೆ ದಾರಿ ಬಿಡಬೇಕು.

ಹಾಸನೂರು ಕಡೆ ಇನ್ನೊಂದು ಅಡ್ಡಿಯುಂಟು, ಅದು ಆನೆ. ಕಬ್ಬಿನ ಲಾರಿಗಳಿಂದ ಬಿದ್ದ, ಎಸೆದ ಜಲ್ಲೆಯ ರುಚಿ ಹತ್ತಿ ಅವು ರಸ್ತೆಯಲ್ಲೇ ಕಾದು ನಿಲ್ಲುತ್ತವೆ. ಹಾರ್ನ್ ಮಾಡಬೇಡಿ, ಇಳಿಯಬೇಡಿ, ದೂರದಲ್ಲೇ ನಿಂತುಬಿಡಿ. ಪ್ರಾಣಿಗಳು ಗಾಡಿಗೆ ಸಿಕ್ಕು ಸಾಯುತ್ತಿದ್ದುದರಿಂದಲೇ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರ ಫೆಬ್ರುವರಿಯಲ್ಲಿ ಇಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಹೊರಡುವ ಮೊದಲು ಚೆಕ್‌ಪೋಸ್ಟಿನ ವೇಳೆ ವಿಚಾರಿಸಿಕೊಳ್ಳಿ.

ಹಗಲಲ್ಲೇ ಸುಟ್ಟ ವಾಸನೆ ಬಂತೋ, ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಸೀಳು ಬಿಡುತ್ತದೆ, ತಾನಾಗಿ ತಣಿಯಲಿ. ಹೊರಡುವಾಗ ಆ ಕಲ್ಲನ್ನು ಎತ್ತಿ ಪಕ್ಕಕ್ಕಿಡಿ. ಹಿಂದೆ ಬರುವ ಬೈಕಿನವನಿಗೆ ಮಂಜಿನಲ್ಲಿ ಅದು ಕಾಣುವುದಿಲ್ಲ.