ನಿಮ್ಮ ಪ್ರಶ್ನೆ ಯಾರದು?

(ಬೀದರ್‌ನ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮ, ನಿರ್ವಹಣಾಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ನನಗೆ ಕೊಟ್ಟಿರುವ ವಿಷಯ ಸಂಶೋಧನಾ ವಿಧಾನ. ಐದು ಮಾತು ಬರೆದುಕೊಂಡು ಬಂದಿದ್ದೇನೆ. ಪ್ರಶ್ನೆ, ಅಳತೆ, ಸ್ಯಾಂಪಲ್, ಭಾಷೆ, ಪ್ರಕಟಣೆ. ದೀಪ, ಸ್ವಾಗತ, ಸನ್ಮಾನ ಮುಗಿಯುವಾಗ ಗಂಟೆ ಹನ್ನೆರಡಾಯಿತು. ಒಂದಕ್ಕೆ ಊಟ. ಐದೂ ಆಗುತ್ತವೋ ಇಲ್ಲವೋ, ನೋಡೋಣ. ಮೊದಲನೆಯದನ್ನು ಪೂರ್ತಿ ಹೇಳದೆ ಮಾತ್ರ ವೇದಿಕೆ ಇಳಿಯುವುದಿಲ್ಲ.

ಇಷ್ಟು ಹಟ ಯಾಕೆ ಅಂದರೆ, ಈ ವರ್ಷ ನಾಲ್ಕು ಪಿಎಚ್.ಡಿ. ಪ್ರಬಂಧ ಓದಿದೆ. ನಾಲ್ಕೂ ನಮ್ಮ ಭಾಗದ ಪ್ರವಾಸೋದ್ಯಮದ ಮೇಲೆ. ನಾಲ್ಕೂ ಶ್ರಮದಿಂದ ಮಾಡಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಹೆಸರಿನ ಮೇಲೆ ಬೆರಳಿಟ್ಟು ಓದಿದರೆ ಅದು ಬೀದರಾ, ಬೇಲೂರಾ, ಗೋವಾನಾ ಅಂತ ಹೇಳೋಕೇ ಆಗಲ್ಲ. ವಸತಿ ಸೌಲಭ್ಯ, ಸಾರಿಗೆ, ಸ್ವಚ್ಛತೆ, ಸಿಬ್ಬಂದಿಯ ನಡವಳಿಕೆ, ಕೊಟ್ಟ ಹಣಕ್ಕೆ ತಕ್ಕ ಅನುಭವ. ಒಂದು ಅಂದರೆ 'ಖಂಡಿತ ಒಪ್ಪುವುದಿಲ್ಲ', ಐದು ಅಂದರೆ 'ಪೂರ್ತಿ ಒಪ್ಪುತ್ತೇನೆ', ಹೀಗೆ ಐದು ಆಯ್ಕೆ, ಒಂದಕ್ಕೆ ಟಿಕ್. ಅದೇ ಪ್ರಶ್ನಾವಳಿ, ಅದೇ ಕೋಷ್ಟಕ, ಕೊನೆಗೆ ಅದೇ ಶಿಫಾರಸು: ಶೌಚಾಲಯ ಬೇಕು, ಫಲಕ ಬೇಕು, ಪ್ರಚಾರ ಬೇಕು. ಶೌಚಾಲಯ ಬೇಕು ಅಂತ ತಿಳಿಯಲು ನಾಲ್ಕು ವರ್ಷ ಸಂಶೋಧನೆ ಮಾಡಬೇಕಾ? ಬಸ್ ಸ್ಟ್ಯಾಂಡಿನಲ್ಲಿ ಇಳಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾನೂ ಇದೇ ದಾರಿಯಲ್ಲಿ ನಡೆದವಳು. ಇಪ್ಪತ್ತು ವರ್ಷದ ಹಿಂದೆ ನಾನು ನಿಮ್ಮ ಹಾಗೇ ಅಲ್ಲಿ ಕೆಳಗೆ ಕೂತಿದ್ದೆ. ಕಲಬುರಗಿಯಲ್ಲಿ ಸೂಫಿ ಸಂತ ಖ್ವಾಜಾ ಬಂದೇನವಾಜರ ಉರುಸು. ಅವರು ತೀರಿಕೊಂಡದ್ದು 1422ರಲ್ಲಿ. ಆರು ನೂರು ವರ್ಷ ಆಯಿತು, ಜನ ಬರುತ್ತಲೇ ಇದ್ದಾರೆ. ನಾನು ಕ್ಲಿಪ್‌ಬೋರ್ಡ್ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. 48 ಪ್ರಶ್ನೆಗಳ ಪಟ್ಟಿ. ಅದು ಹುಟ್ಟಿದ್ದು ಎಲ್ಲೋ ಸಮುದ್ರದ ದಂಡೆಯ ರೆಸಾರ್ಟಿಗೆ ಬಂದವರನ್ನು ಕೇಳಲು. ಅದನ್ನು ಕನ್ನಡಕ್ಕೆ ತಂದು, 'ಕಡಲತೀರ' ಅಂತ ಇದ್ದ ಕಡೆ 'ತಾಣ' ಅಂತ ಬರೆದಿದ್ದೆ. ಅಷ್ಟೇ ನಾನು ಮಾಡಿದ್ದು.

ಜೇವರ್ಗಿ ಕಡೆಯ ಒಬ್ಬರು ಆಯಿ ಸಿಕ್ಕರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಮೊಮ್ಮಗ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಸಕ್ಕರೆ. ನಾನು ಶುರು ಮಾಡಿದೆ. ವಸತಿ ವ್ಯವಸ್ಥೆ ನಿಮಗೆ ತೃಪ್ತಿ ಕೊಟ್ಟಿದೆಯಾ? 'ಅಂಗಳದಾಗ ಮಲ್ಕೊಂಡೀವಿ ತಂಗೀ, ಗಾಳಿ ಛಲೋ ಬರ್ತದ.' ಐದರಲ್ಲಿ ಯಾವುದು ಬರೆಯಲಿ? ಮೂರು ಬರೆದೆ. ಕೊಟ್ಟ ಹಣಕ್ಕೆ ತಕ್ಕ ಅನುಭವ ಸಿಕ್ಕಿತಾ? ಆಯಿ ನನ್ನ ಮುಖ ನೋಡಿದರು. 'ಇಲ್ಲಿ ರೊಕ್ಕ ಯಾರ್ ಕೇಳ್ತಾರ?' ಅದಕ್ಕೂ ಮೂರು. ಕೊನೆಗೆ ಬಂತು ನೋಡಿ, ನಮ್ಮ ಶಾಸ್ತ್ರದ ಅಚ್ಚುಮೆಚ್ಚಿನ ಪ್ರಶ್ನೆ: 'ಈ ತಾಣಕ್ಕೆ ಮತ್ತೊಮ್ಮೆ ಭೇಟಿ ನೀಡುವ ಉದ್ದೇಶ ನನಗಿದೆ.' ಓದಿ ಹೇಳಿದೆ.

ಆಯಿ ನಕ್ಕುಬಿಟ್ಟರು. 'ಅದು ನನ್ನ ಕೈಯಾಗ ಎಲ್ಲದ ತಂಗೀ? ಅವರು ಕರಿಸ್ಕೊಂಡ್ರ ಬರ್ತೀನಿ.'

'ಹಂಗಾದ್ರ ಒಪ್ಪುತ್ತೇನೆ ಅಂತ ಬರೀಲೇನ್ ಆಯಿ?'

'ಏನರ ಬರಿ. ಮೊದಲ ಈ ಸಕ್ರಿ ತಿನ್ನು. ಬೆಳಗಿಂದ ಬಿಸಲಾಗ ನಿಂತ್ ಏನೇನೋ ಕೇಳ್ಲತ್ತೀ.'

ಸಕ್ಕರೆ ತಿಂದೆ, 4 ಅಂತ ಬರೆದೆ, ಮುಂದಿನವರ ಹತ್ತಿರ ಹೋದೆ. 'ಅವರು ಕರಿಸ್ಕೊಂಡ್ರ ಬರ್ತೀನಿ' ಅನ್ನೋ ಮಾತು ನನ್ನ ಪ್ರಬಂಧದಲ್ಲಿ 4 ಆಗಿ ಕೂತಿದೆ. ಇವತ್ತಿಗೂ ಹಾಗೇ ಇದೆ.

ಈಗ ಯೋಚನೆ ಮಾಡಿ. ವಿಭೂತಿ ಹಚ್ಚಿಕೊಂಡ ಆಯಿ ದರ್ಗಾಕ್ಕೆ ಬರುತ್ತಾರೆ. ತಮ್ಮನ್ನು ಯಾರೋ ಕರೆಸಿಕೊಂಡರು ಅನ್ನುತ್ತಾರೆ. ಯಾಕೆ ಬಂದಿರಿ, ಹರಕೆ ಏನು, ಯಾರ ಜೊತೆ ಬಂದಿರಿ, ಮೊದಲ ಸಲ ಯಾರು ಕರೆದುಕೊಂಡು ಬಂದರು? ಇದೊಂದನ್ನೂ ನಾನು ಕೇಳಲಿಲ್ಲ. ಒಂದು ಪಿಎಚ್.ಡಿ.ಗೆ ಸಾಕಾಗುವಷ್ಟು ವಿಷಯ ನನ್ನ ಮುಂದೆ ಮೊಮ್ಮಗನನ್ನು ಎತ್ತಿಕೊಂಡು ನಿಂತಿತ್ತು. ನನ್ನ ಕೈಯಲ್ಲಿದ್ದ ಪ್ರಶ್ನೆ ಬೇರೆಯವರದು. ಅದಕ್ಕೇ ಕೇಳುತ್ತೇನೆ, ಯಾರೇ ನನ್ನ ಹತ್ತಿರ ಬಂದರೂ ಕೇಳುತ್ತೇನೆ: ನಿಮ್ಮ ಪ್ರಶ್ನೆ ಯಾರದು?

ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆ ಒಮ್ಮೆ ಸುತ್ತಿ ನೋಡಿ. ಇಲ್ಲೇ ನಾನಕ್ ಝೀರಾ. ಪಂಜಾಬಿನಿಂದ, ನಾಂದೇಡಿನಿಂದ ಬಂದವರು ಗುರುದ್ವಾರದಲ್ಲೇ ಉಳಿದು, ಲಂಗರ್‌ನಲ್ಲಿ ಉಂಡು, ಪಾತ್ರೆ ತೊಳೆದು ಹೋಗುತ್ತಾರೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಹೆಯೊಳಗೆ ನಡೆಯುತ್ತಾರೆ. ಗಾಣಗಾಪುರಕ್ಕೆ ಹೋಗಿ, ಭೀಮಾ ಅಮರ್ಜಾ ಕೂಡುವ ಕಡೆ. ಒಳ್ಳೆ ಸಂಬಳದ ನೌಕರಿ ಇದ್ದವರು, ಕಾರಿನಲ್ಲಿ ಬಂದವರು ಜೋಳಿಗೆ ಹಿಡಿದು ಐದು ಮನೆ ಮಾಧುಕರಿ ಬೇಡುತ್ತಾರೆ. ಪ್ರವಾಸಿಯ ದಿನದ ಸರಾಸರಿ ಖರ್ಚು ಅಂತ ನಮ್ಮ ಪಟ್ಟಿಯಲ್ಲಿ ಒಂದು ಕಾಲಂ ಇರುತ್ತಲ್ಲ, ಅಲ್ಲಿ ಏನು ಬರೆಯುತ್ತೀರಿ? ಭಿಕ್ಷೆ ಬೇಡುವುದಕ್ಕೇ ನೂರಾರು ಮೈಲಿ ಬಂದವರನ್ನು ಎಷ್ಟು ಖರ್ಚು ಮಾಡಿದಿರಿ ಅಂತ ಕೇಳಿದರೆ ಆ ಊರು ನಿಮಗೆ ಯಾವತ್ತೂ ಅರ್ಥ ಆಗಲ್ಲ. ಆ ಐದು ಮನೆಯ ಹೆಣ್ಣುಮಕ್ಕಳು ದಿನಾ ಎಷ್ಟು ಹಿಟ್ಟು ನಾದುತ್ತಾರೆ, ಯಾರಿಗೆ ಮೊದಲು ನೀಡುತ್ತಾರೆ, ಅದರ ಲೆಕ್ಕ ಮನೆಯಲ್ಲಿ ಹೇಗೆ ನಡೆಯುತ್ತೆ? ನಿರ್ವಹಣಾಶಾಸ್ತ್ರದವರೇ, ಇದು ನಿಮ್ಮ ವಿಷಯ. ದಯವಿಟ್ಟು ಯಾರಾದರೂ ತೆಗೆದುಕೊಳ್ಳಿ.

ಎರಡನೆಯದು ಅಳತೆ. ಐದು ಆಯ್ಕೆಯ ಅಳತೆಗೋಲು ಕೊಟ್ಟವರು ರೆನ್ಸಿಸ್ ಲಿಕರ್ಟ್, 1932ರಲ್ಲಿ. ಮನೋಧೋರಣೆ ಅಳೆಯಲು ಮಾಡಿದ್ದು, ಒಳ್ಳೆಯ ಸಾಧನ. ನನ್ನ ತಕರಾರು ಲಿಕರ್ಟ್ ಮೇಲೆ ಅಲ್ಲ. ತಕ್ಕಡಿ ಸರಿ ಇದೆ, ಆದರೆ ನೀರನ್ನು ತಕ್ಕಡಿಯಲ್ಲಿ ಸುರಿದರೆ ಹೇಗೆ? ಇನ್ನು ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ ಅನ್ನೋ ಅಂಕಿ. 0.7 ದಾಟಿದರೆ ಪ್ರಶ್ನಾವಳಿ ಪಾಸು ಅಂತ ಎಲ್ಲರೂ ನೆಮ್ಮದಿಯಾಗುತ್ತೇವೆ. ಆಲ್ಫಾ ಹೇಳುವುದು ಇಷ್ಟೇ: ನಿಮ್ಮ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಅವು ಈ ಊರಿಗೆ ಹೊಂದುತ್ತವೆ ಅಂತ ಅದು ಹೇಳಲ್ಲ. ನನ್ನ ಉರುಸಿನ ಪ್ರಶ್ನಾವಳಿಯ ಆಲ್ಫಾ ಚೆನ್ನಾಗೇ ಬಂದಿತ್ತು. ಸಮುದ್ರದ ದಂಡೆಯ ಪ್ರಶ್ನೆಗಳೆಲ್ಲ ಪರಸ್ಪರ ಒಪ್ಪಿಕೊಂಡಿದ್ದವು. ಆಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಒಂದು ಸಲ ಮಾತ್ರ ನನಗೆ ಸರಿಯಾದ ಪ್ರಶ್ನೆ ಸಿಕ್ಕಿತು. ಅದೂ ಇದೇ ಊರಲ್ಲಿ, ಚೌಬಾರದ ಹತ್ತಿರದ ಗಲ್ಲಿಯಲ್ಲಿ, ಒಬ್ಬ ಬಿದರಿ ಕುಶಲಕರ್ಮಿಯ ಅಂಗಡಿಯಲ್ಲಿ. ನಾನು ಕೇಳಲು ಹೋಗಿದ್ದು: ಪ್ರವಾಸಿಗರಿಂದ ನಿಮ್ಮ ಮಾರಾಟ ಜಾಸ್ತಿ ಆಗಿದೆಯಾ? ಚಾಚಾ ಉತ್ತರ ಕೊಡಲಿಲ್ಲ. 'ಕುಂದ್ರು ಬೇಟಾ' ಅಂದರು. ಕೂತೆ. ಎರಡು ತಾಸು ಕೂತೆ.

ಅವರ ಮುಂದೆ ಒಂದು ಹೂದಾನಿ. ಸತು ಜಾಸ್ತಿ, ತಾಮ್ರ ಸ್ವಲ್ಪ, ಕರಗಿಸಿ ಎರಕ ಹೊಯ್ದದ್ದು. ಮೈಮೇಲೆ ಉಳಿಯಿಂದ ಬಳ್ಳಿ ಕೊರೆದು, ಕೂದಲಿನಂಥ ಬೆಳ್ಳಿ ತಂತಿಯನ್ನು ಆ ಗೀರಿನಲ್ಲಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಿದ್ದರು. ಮುಗಿದ ಮೇಲೆ ಬೂದು ಬಣ್ಣದ ಹೂದಾನಿ, ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಒಂದು ಡಬ್ಬಿ ತೆಗೆದರು. ಕೋಟೆಯ ಮಣ್ಣು. ಬಿಸಿಲು ಮಳೆ ತಾಕದ ಜಾಗದಿಂದ ತಂದ ಹಳೆಯ ಮಣ್ಣು. ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡರು, ಕಣ್ಣು ಮುಚ್ಚಿದರು, ತಲೆ ಆಡಿಸಿದರು. ಮಣ್ಣು ಸರಿ ಇದೆ. ನವಸಾಗರದ ಜೊತೆ ಆ ಮಣ್ಣನ್ನು ಕಲಸಿ, ಕಾದ ಹೂದಾನಿಗೆ ಉಜ್ಜಿದರು. ನನ್ನ ಕಣ್ಣ ಮುಂದೆ ಸತು ಕಪ್ಪಾಯಿತು. ಬೆಳ್ಳಿ ಮಾತ್ರ ಹಾಗೇ ಹೊಳೆಯಿತು. ಇಡೀ ಬಳ್ಳಿ ಒಮ್ಮೆಗೇ ಎದ್ದು ಬಂತು.

ಆಗ ಚಾಚಾ ಹೇಳಿದರು. 'ಟೂರಿಸ್ಟ್ ಬರ್ತಾರ, ಫೋಟೋ ಹೊಡೀತಾರ, ಹೋಗ್ತಾರ. ನೀ ಅದನ್ನ ಕೇಳಬ್ಯಾಡ. ಬೆಳ್ಳಿ ರೇಟ್ ಎಷ್ಟದ ಅಂತ ಕೇಳು. ತಂತಿ ಸಾಲದಾಗ ಯಾರ್ ಕೊಡ್ತಾರ ಅದು ಕೇಳು. ನನ್ನ ಮಗ ಈ ಕೆಲಸಕ್ಕ ಯಾಕ ಕೂಡ್ಲಿಲ್ಲ ಅದು ಕೇಳು.'

ಮೂರೂ ಪ್ರಶ್ನೆ ಅವರೇ ಕೊಟ್ಟರು. ಬಿದರಿಗೆ 2006ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಅದರ ಬಗ್ಗೆ ಎಷ್ಟೋ ಲೇಖನ ಬಂದಿವೆ. ಕಚ್ಚಾ ಮಾಲಿನ ಬೆಲೆ, ಸಾಲ, ಮುಂದಿನ ತಲೆಮಾರು, ಈ ಮೂರನ್ನು ಆ ಅಂಗಡಿಯಲ್ಲಿ ಕೂತು ನೋಡದೆ ಬರೆದರೆ ಆ ಮಾನ್ಯತೆಯಿಂದ ಚಾಚಾಗೆ ಏನು ಸಿಕ್ಕಿತು ಅಂತ ತಿಳಿಯುವುದಿಲ್ಲ. ಮಣ್ಣಿನ ರುಚಿ ನೋಡಿ ಕೆಲಸ ಶುರು ಮಾಡುತ್ತಾರೆ ಅವರು. ನಾವು ಊರಿನ ರುಚಿ ನೋಡದೆ ಪ್ರಶ್ನಾವಳಿ ಪ್ರಿಂಟ್ ಮಾಡಿಸುತ್ತೇವೆ.

ಇದು ಬರೀ ಭಾವನೆಯ ಮಾತು ಅಂತ ಅಂಕಿಸಂಖ್ಯೆಯವರು ಅಂದುಕೊಳ್ಳಬೇಡಿ. ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ ಕೊಟ್ಟ ವರದಿ ಎಲ್ಲರಿಗೂ ಗೊತ್ತು. 2002ರದು. ಅದು ಪೂರ್ತಿ ಅಂಕಿಗಳ ಕೆಲಸ, 35 ಸೂಚಕ. ಆದರೆ ಅವರು ಅಳೆದದ್ದು ಜಿಲ್ಲೆಯನ್ನಲ್ಲ, ತಾಲೂಕನ್ನು. 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಅಂತ ಹೊರಬಂತು. ಬರೀ ಜಿಲ್ಲೆಯ ಸರಾಸರಿ ತೆಗೆದಿದ್ದರೆ ಕಲಬುರಗಿ ನಗರದ ಹಿಂದೆ ಚಿಂಚೋಳಿ, ಜೇವರ್ಗಿ ಮುಚ್ಚಿಹೋಗುತ್ತಿದ್ದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಜನರ ಹೋರಾಟದಿಂದ, ಅದನ್ನು ಯಾರೂ ಮರೆಯಬಾರದು. ಆದರೆ ಹೋರಾಟಗಾರರು ಹಿಡಿದು ಮಾತಾಡಲು ಕೈಯಲ್ಲಿ ಒಂದು ಲೆಕ್ಕ ಇತ್ತು. ಆ ಲೆಕ್ಕದ ಹಿಂದಿನ ಪ್ರಶ್ನೆ ನಮ್ಮದಾಗಿತ್ತು.

ಯಾದಗಿರಿ ಕಡೆಯಿಂದ ಬಂದವರು ಕೈ ಎತ್ತಿ. ಆರು ಜನ. ಹುಣಸಗಿಯ ಇಸಾಂಪುರ ಗೊತ್ತಲ್ವಾ? ಪುರಾತತ್ವದ ಕೆ. ಪದ್ದಯ್ಯ ಅವರು ಆ ಕಣಿವೆಯಲ್ಲಿ ದಶಕಗಟ್ಟಲೆ ನಡೆದಾಡಿದರು. ಸುಮಾರು 12 ಲಕ್ಷ ವರ್ಷದ ಹಿಂದಿನ ಮನುಷ್ಯರು ಸುಣ್ಣಕಲ್ಲು ಒಡೆದು ಕೊಡಲಿ ಮಾಡಿದ ಜಾಗ ಅದು. ಸಿಕ್ಕ ಕೊಡಲಿಗಳನ್ನು ಎಣಿಸಿ ಎದ್ದು ಬರಲಿಲ್ಲ ಅವರು. ಇಲ್ಲೇ ಯಾಕೆ ಕೂತರು, ಕಲ್ಲು ಎಲ್ಲಿಂದ, ನೀರು ಎಲ್ಲಿಂದ ಅಂತ ಕೇಳುತ್ತಾ ಹೋದರು. ಒಂದೇ ಕಣಿವೆ, ಒಂದು ಜೀವಮಾನ. ನಮಗೆ ಅಷ್ಟು ಬೇಡ, ಒಂದು ಮಳೆಗಾಲ, ಒಂದು ಬೇಸಿಗೆ ಕೂತರೂ ಸಾಕು.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಸರಿ.

ಸ್ಯಾಂಪಲ್, ಅಂದರೆ ಯಾರನ್ನು, ಎಷ್ಟು ಜನರನ್ನು ಕೇಳಬೇಕು ಅನ್ನೋದು. 384. ಪ್ರತಿ ಪ್ರಬಂಧದಲ್ಲೂ 384 ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕ. ಹತ್ತು ಲಕ್ಷ ಜನ ಇದ್ದರೆ 384 ಸಾಕು ಅನ್ನುತ್ತೆ. ಆದರೆ ಎಲ್ಲರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದಾಗ ಮಾತ್ರ. ನೀವು ಭಾನುವಾರ ಹನ್ನೊಂದು ಗಂಟೆಗೆ ಬೀದರ್ ಕೋಟೆ ಬಾಗಿಲಲ್ಲಿ ನಿಂತು, ಬಿಡುವಾಗಿ ಕಂಡವರನ್ನು ಹಿಡಿದರೆ 384 ಆದರೂ ಒಂದೇ, 3,000 ಆದರೂ ಒಂದೇ. ಅದರ ಬದಲು ನಲವತ್ತು ಜನರ ಜೊತೆ ಕೂತು ಮಾತಾಡಿ. ಹಾಗೇ ಮಾಡಿದ್ದೇನೆ ಅಂತ ಬರೆಯಿರಿ.

ಭಾಷೆ. ಇಲ್ಲಿ ಒಂದೇ ಗಲ್ಲಿಯಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು ಕೇಳುತ್ತೆ. 'ಸಂತೃಪ್ತಿ ಮಟ್ಟ' ಅನ್ನೋದು ಇವುಗಳಲ್ಲಿ ಯಾವ ಮನೆಯ ಮಾತೂ ಅಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಆಯಿ 'ಕರಿಸ್ಕೊಂಡ್ರ' ಅಂದರೆ ಹಾಗೇ ಬರೆಯಿರಿ, ಅದನ್ನು ಪುಸ್ತಕದ ಮಾತು ಮಾಡಬೇಡಿ.

ಪ್ರಕಟಣೆ ಬಗ್ಗೆ ಒಂದೇ ಮಾತು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ. ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ನೋಡಿಕೊಳ್ಳಿ. ಆದರೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗೆ ಸಾಲ ಮಾಡಿ ಹಣ ಕಟ್ಟಬೇಡಿ. ಆ ಹಣದಲ್ಲಿ ಹತ್ತು ಪುಟದ ಕನ್ನಡ ಪುಸ್ತಿಕೆ ಮಾಡಿಸಿ, ಉತ್ತರ ಕೊಟ್ಟವರ ಕೈಗೆ ಕೊಟ್ಟು ಬನ್ನಿ. ನಾನು ಚಾಚಾಗೆ ಕೊಡಲು ಹೋದಾಗ ತಡವಾಗಿತ್ತು. ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿತ್ತು. ಮಗ ಪುಸ್ತಿಕೆ ತೆಗೆದುಕೊಂಡ, ಅಪ್ಪನ ಫೋಟೋ ಇದ್ದ ಪುಟ ನೋಡುತ್ತಾ ಬಹಳ ಹೊತ್ತು ನಿಂತ.

ಇನ್ನು ಎರಡು ನಿಮಿಷ ಇದೆ. ಊಟ ಆದ ಮೇಲೆ ಬಸ್ ನೌಬಾದ್‌ಗೆ ಹೋಗುತ್ತೆ, ಬಹಮನಿ ಕಾಲದ ಸುರಂಗ ಬಾವಿಗೆ. ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತೆ. ಆ ನೀರನ್ನು ನೆಲದೊಳಗೇ ಹರಿಸಿಕೊಂಡು ಹೋದ ಸುರಂಗ ಅದು. ಮೇಲೆ ಸಾಲಾಗಿ ಗಾಳಿ ಬಾವಿಗಳಿವೆ. ಸುತ್ತ ಹೊಲ ಇದೆ, ಲೇಔಟ್ ಇದೆ, ಜನ ಇದ್ದಾರೆ. ಪ್ರಶ್ನಾವಳಿ ಇಲ್ಲೇ ಬಿಟ್ಟು ಬನ್ನಿ. ಒಂದು ನೋಟ್‌ಬುಕ್, ಒಂದು ಪೆನ್ನು, ನೀರಿನ ಬಾಟಲಿ. ಎರಡೂವರೆಗೆ ಗೇಟಿನ ಹತ್ತಿರ ಸೇರೋಣ. ನಾನೂ ಬರುತ್ತೇನೆ.